ಅಳು ಬಂದರೆ ಅಳು ತಂಗಿ, ಆಮೇಲೆ ಹಿಟ್ಟು ನಾದು

ತಂಗೀ,

ನೈಟ್ ಡ್ಯೂಟಿ ಮುಗಿಸಿ ಬಂದು ನಿನ್ನ ಮೆಸೇಜ್ ಓದಿದೆ. ಕುವೈತ್‌ಗೆ ಬಂದು ಮೂರು ತಿಂಗಳಾಯಿತು, ಅಳದ ರಾತ್ರಿ ಇಲ್ಲ, ಫೋನ್ ಮಾಡಿದರೆ ಅವ್ವ "ಯಾವಾಗಲೂ ಸಂತೋಷಿಸಿರಿ ಅಂತ ಬೈಬಲ್ ವಾಕ್ಯ ಐತಲ್ಲ, ನಕ್ಕೋಂತ ಇರು" ಅಂತಾರೆ, ನನ್ನ ನಂಬಿಕೆಯೇ ಕಡಿಮೆಯಾ ಅಕ್ಕಾ ಅಂತ ಕೇಳಿದ್ದೀ.

ಮೊದಲು ಅಳು. ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಕದ್ದು ಅಳಬೇಡ. 137ನೇ ಕೀರ್ತನೆ ತೆಗೆದು ನೋಡು. ಬಾಬೆಲಿನ ನದಿಗಳ ದಡದಲ್ಲಿ ಕೂತು, ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿ, ಪರದೇಶದಲ್ಲಿ ದೇವರ ಹಾಡು ಹೇಗೆ ಹಾಡೋಣ ಅಂತ ಅತ್ತವರ, ಯೆರೂಸಲೇಮಿನಿಂದ ಸೆರೆಯಾಗಿ ಹೋದ ಯೆಹೂದ್ಯರ ಹಾಡು ಅದು. ಬೆಟಗೇರಿಯಲ್ಲಿ ಸಂಡೇ ಸ್ಕೂಲಿಗೆ ಹೋಗುವಾಗ ನನಗೆ ಬಾಬೆಲ್ ಅಂದರೆ ನಕ್ಷೆಯ ಮೇಲಿನ ಒಂದು ಹೆಸರು ಅಷ್ಟೇ. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ಯೂಫ್ರೇಟೀಸ್, ಟೈಗ್ರಿಸ್ ಎರಡೂ ಕೂಡಿ ಬಂದು ಬೀಳುವುದು ನಾವು ಸಂಜೆ ಗಲ್ಫ್ ರೋಡಿನಲ್ಲಿ ನಿಂತು ನೋಡುವ ಇದೇ ಕೊಲ್ಲಿಗೆ.

ಸೆರೆಯಾಗಿ ಹೋದ ಆ ಜನದ ಬಗ್ಗೆ ಹನನ್ಯ ಅನ್ನುವ ಪ್ರವಾದಿ ಯೆರೂಸಲೇಮಿನಲ್ಲಿ, ಎರಡೇ ವರ್ಷ, ಎಲ್ಲರೂ ವಾಪಸ್ ಅಂದಿದ್ದ. ಕೇಳಿದ ಮಾತು ಅನಿಸುತ್ತಲ್ಲ? ಎರಡು ವರ್ಷದ ಕಾಂಟ್ರ್ಯಾಕ್ಟ್, ಸಾಲ ತೀರಿಸಿ ಹೊರಟೆ ಅಂತ ನಾನೂ ಅಂದಿದ್ದೆ. ಹತ್ತೊಂಬತ್ತು ವರ್ಷವಾಯಿತು! ಪ್ರವಾದಿ ಯೆರೆಮೀಯ ಮಾತ್ರ ಸುಳ್ಳು ಸಮಾಧಾನ ಹೇಳಲಿಲ್ಲ. 70 ವರ್ಷ ಆಗುತ್ತದೆ, ಮನೆ ಕಟ್ಟಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಅಂತ ಯೆರೂಸಲೇಮಿನಿಂದ ಪತ್ರ ಬರೆದ. ಅವನ ಪುಸ್ತಕದ 29ನೇ ಅಧ್ಯಾಯ. ಸಂತೋಷವನ್ನು ಊರಿಗೆ ಹೋಗುವ ದಿನಕ್ಕೆ ಎತ್ತಿಡಬೇಡ ಅಂತ ನನಗೆ ಹೇಳಿದ್ದು ಆ ಪತ್ರ.

ನನ್ನ ಮೊದಲ ಕ್ರಿಸ್‌ಮಸ್ಸಿಗೆ ಡ್ಯೂಟಿ ಇತ್ತು. ಇಲ್ಲಿ ಆ ದಿನ ಸರ್ಕಾರಿ ರಜೆ ಇಲ್ಲ. ರೂಮಿಗೆ ಬಂದು ಮಂಚದ ಮೇಲೆ ಬಿದ್ದೆ. ಅವ್ವ ಕರ್ಚಿಕಾಯಿ ಕರಿಯುವ ಹೊತ್ತು ಅಂತ ನೆನಪಾಗಿ ಇನ್ನಷ್ಟು ಅತ್ತೆ. ಆಮೇಲೆ ಏನನಿಸಿತೋ, ಎದ್ದು ಬಕಾಲಾಗೆ, ಅಂದರೆ ಇಲ್ಲಿನ ಕಿರಾಣಿ ಅಂಗಡಿಗೆ ಹೋಗಿ ಮೈದಾ, ಸಕ್ಕರೆ, ಕೊಬ್ಬರಿ ಪುಡಿ ತಂದೆ. ಲಟ್ಟಣಿಗೆ ಇರಲಿಲ್ಲ, ವಿಮ್ಟೋ ಶರಬತ್ತಿನ ಬಾಟಲಿಯಲ್ಲೇ ಲಟ್ಟಿಸಿದೆ. ಅರ್ಧ ಎಣ್ಣೆಯಲ್ಲಿ ಬಿಚ್ಚಿಕೊಂಡವು. ರೂಮಿನ ಮಲಯಾಳಿ ಚೇಚಿ ಬಿಚ್ಚಿದ್ದನ್ನೇ ಆರಿಸಿ ತಿಂದಳು. ಹಿಟ್ಟು ನಾದುವಾಗ ಎಳ್ಳಷ್ಟೂ ಸಂತೋಷ ಇರಲಿಲ್ಲ, ನಿಜ ಹೇಳುತ್ತೇನೆ. ಮೂರನೇ ಘಾಣದ ಹೊತ್ತಿಗೆ ಬಂತು.

ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ, ಸೀಲರೂ ಫಿಲಿಪ್ಪಿ ಪಟ್ಟಣದ ಜೈಲಿನಲ್ಲಿ ಬೆನ್ನಿಗೆ ಏಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡೇ ಮಧ್ಯರಾತ್ರಿ ಹಾಡಿದ್ದು. ಮರುದಿನ ಅಧಿಕಾರಿಗಳು ಗುಟ್ಟಾಗಿ ಬಿಟ್ಟು ಕಳಿಸಲು ನೋಡಿದಾಗ ಅದೇ ಪೌಲ, ವಿಚಾರಣೆ ಇಲ್ಲದೆ ಹೊಡೆಸಿದವರು ತಾವೇ ಬಂದು ಕರೆದುಕೊಂಡು ಹೋಗಲಿ ಅಂದ. ಅದಕ್ಕೇ ಹೇಳುವುದು, ಪಾಸ್‌ಪೋರ್ಟ್ ಅವರೇ ಇಟ್ಟುಕೊಂಡಿದ್ದಾರೆ ಅಂತ ಬರೆದಿದ್ದೀಯಲ್ಲ, ಅದನ್ನು ಪ್ರಾರ್ಥನೆಗಷ್ಟೇ ಬಿಡಬೇಡ. ಕೇಳು. ಕೊಡದಿದ್ದರೆ ನಮ್ಮ ರಾಯಭಾರ ಕಚೇರಿಗೆ ದೂರು ಕೊಡೋಣ, ನಾನೂ ಬರುತ್ತೇನೆ.

ಶುಕ್ರವಾರ ರಜೆ ಇದ್ದರೆ ಕುವೈತ್ ಸಿಟಿಯ ನ್ಯಾಷನಲ್ ಇವ್ಯಾಂಜೆಲಿಕಲ್ ಚರ್ಚಿಗೆ ಬಾ. ಇಲ್ಲಿ ಆರಾಧನೆ ಶುಕ್ರವಾರವೇ. ಆ ಕಾಂಪೌಂಡಿನಲ್ಲಿ ಒಂದು ಕೋಣೆಯಲ್ಲಿ ಅರಬ್ಬಿ, ಇನ್ನೊಂದರಲ್ಲಿ ಮಲಯಾಳಂ, ಮತ್ತೊಂದರಲ್ಲಿ ತಮಿಳು, ಒಂದರ ಹಾಡು ಇನ್ನೊಂದರೊಳಗೆ ನುಗ್ಗುತ್ತದೆ. ಅಲ್ಲಿ 1999ರಲ್ಲಿ ಪಾದ್ರಿಯಾದ ಇಮ್ಯಾನುವೆಲ್ ಘರೀಬ್ ಕುವೈತಿನವರೇ. ಘರೀಬ್ ಅಂದರೆ ಅರಬ್ಬಿಯಲ್ಲಿ ಪರದೇಶಿ ಅಂತ ಅರ್ಥ. ತಿಳಿದ ದಿನ ನನಗೆ ನಗು ತಡೆಯಲಾಗಲಿಲ್ಲ.

ಡಿಸೆಂಬರ್ ಡ್ಯೂಟಿ ಲಿಸ್ಟ್ ಬಂದ ಕೂಡಲೇ ತಿಳಿಸು. 24ರ ರಾತ್ರಿ ಇಬ್ಬರಲ್ಲಿ ಒಬ್ಬರಿಗಾದರೂ ಬಿಡುವಿದ್ದರೆ ಕರ್ಚಿಕಾಯಿ ಮಾಡೋಣ. ಈಗ ಲಟ್ಟಣಿಗೆ ಇದೆ. ಗಸಗಸೆ ಮಾತ್ರ ಊರಿಂದ ತರಿಸಬೇಡ, ಈ ಕಡೆಯ ಏರ್‌ಪೋರ್ಟುಗಳಲ್ಲಿ ಅದನ್ನು ಹಿಡಿಯುತ್ತಾರೆ.