ಬಳ್ಳಾರಿ ಗ್ರಾಮೀಣ ಕ್ಷೇತ್ರದಲ್ಲಿ 1952ರಿಂದ ಇಲ್ಲಿವರೆಗೆ ಗೆದ್ದವರ ಪಟ್ಟಿ ಮಾಡೋದು ಹೇಗೆ?

ಈ ಪ್ರಶ್ನೆ ಓದಿದ ಕೂಡಲೇ ನನ್ನ 2017ರ ನೋಟ್‌ಬುಕ್ ನೆನಪಾಯಿತು. ನಾನೂ ಇಂಥದ್ದೇ ಪಟ್ಟಿಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದೆ: ವರ್ಷ, ಗೆದ್ದವರು, ಪಕ್ಷ.

ಇಲ್ಲಿನ ಒಂದು ವಾರಪತ್ರಿಕೆಗೆ ಜಿಲ್ಲೆಯ ಎಲ್ಲ ಕ್ಷೇತ್ರಗಳ ಬಗ್ಗೆ ಸರಣಿ ಬರೆಯೋ ಅವಕಾಶ ಸಿಕ್ಕಿತ್ತು. ಮೊದಲ ಕಂತು ಬಳ್ಳಾರಿ ಗ್ರಾಮೀಣ. ಬಿ. ಶ್ರೀರಾಮುಲು 2004 ಮತ್ತು 2008ರಲ್ಲಿ ಬಿಜೆಪಿಯಿಂದ ಗೆದ್ದಿದ್ದರು. 2011ರ ಉಪಚುನಾವಣೆಯಲ್ಲಿ ಪಕ್ಷೇತರರಾಗಿ, 2013ರಲ್ಲಿ ತಾವೇ ಕಟ್ಟಿದ ಬಿಎಸ್‌ಆರ್ ಕಾಂಗ್ರೆಸ್ ಪಕ್ಷದಿಂದ ಗೆದ್ದರು. 'ಒಂದೇ ಕ್ಷೇತ್ರ, ನಾಲ್ಕು ಗೆಲುವು' ಅಂತ ತಲೆಬರಹ ಕೊಟ್ಟೆ.

ಪತ್ರಿಕೆ ಬಂದ ಮೂರನೇ ದಿನ ಹಳ್ಳಿಯ ಹಿರಿಯರೊಬ್ಬರು ಕಚೇರಿಗೆ ಬಂದರು. ಅಂಗಿ ಜೇಬಿನಿಂದ ಹಳೇ ವೋಟರ್ ಕಾರ್ಡ್ ತೆಗೆದರು. ಲ್ಯಾಮಿನೇಷನ್ ಅಂಚು ಬಿಟ್ಟು ಹಳದಿಯಾಗಿತ್ತು. ಹಿಂಬದಿ ತಿರುಗಿಸಿ ಬೆರಳಿಟ್ಟರು. ವಿಧಾನಸಭಾ ಕ್ಷೇತ್ರ: ಕುರುಗೋಡು. "2004ರಾಗ ನಾನು ಬಳ್ಳಾರಿಗೆ ಓಟು ಹಾಕೇ ಇಲ್ಲ ತಮ್ಮಾ, ನೀನು ಹಾಕಿಸಿಬಿಟ್ಟಿ" ಅಂದರು.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2004ರಲ್ಲಿ 'ಬಳ್ಳಾರಿ ಗ್ರಾಮೀಣ' ಅನ್ನೋ ಕ್ಷೇತ್ರವೇ ಇರಲಿಲ್ಲ. ಇದ್ದದ್ದು 'ಬಳ್ಳಾರಿ', ಅದೂ ಸಾಮಾನ್ಯ ಕ್ಷೇತ್ರ. 2008ರ ಪುನರ್ವಿಂಗಡಣೆಯಲ್ಲಿ, ಅಂದರೆ ಕ್ಷೇತ್ರಗಳ ಗಡಿ ಹೊಸದಾಗಿ ಗುರುತಿಸಿದಾಗ, ಬಳ್ಳಾರಿ ನಗರ ಮತ್ತು ಬಳ್ಳಾರಿ ಗ್ರಾಮೀಣ ಬೇರೆಬೇರೆಯಾದವು. ಗ್ರಾಮೀಣ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಕುರುಗೋಡು ಕ್ಷೇತ್ರ ಪಟ್ಟಿಯಿಂದಲೇ ಹೋಯಿತು, ಆ ಹಿರಿಯರ ಹಳ್ಳಿ ಗ್ರಾಮೀಣಕ್ಕೆ ಬಂತು. ಮತದಾರರು ಬೇರೆ, ಗಡಿ ಬೇರೆ, ಯಾರು ನಿಲ್ಲಬಹುದು ಅನ್ನೋದೂ ಬೇರೆ. ನಾನು ಗೆದ್ದವರ ಹೆಸರು ಒಂದೇ ಇದೆ ಅಂತ ಎರಡು ಕ್ಷೇತ್ರ ಹೊಲಿದುಬಿಟ್ಟೆ. ಅದರ ಮೇಲೆ 'ಇಲ್ಲಿನ ಜನ ವ್ಯಕ್ತಿ ನೋಡ್ತಾರೆ, ಚಿಹ್ನೆ ನೋಡಲ್ಲ' ಅಂತ ಅರ್ಧ ಪುಟ ಬರೆದಿದ್ದೆ. 2004ರ ಗೆಲುವು ತೆಗೆದರೆ ಆ ಮಾತಿಗೆ ಆಧಾರವಾಗಿ ನಾಲ್ಕಲ್ಲ, ಮೂರೇ ಗೆಲುವು ಉಳಿಯುತ್ತವೆ. ಸಂಪಾದಕರು ತಿದ್ದುಪಡಿ ಹಾಕಿ ಸರಣಿ ನಿಲ್ಲಿಸಿದರು. ಬಾಕಿ ಕಂತುಗಳಿಗೆ ನಾಲ್ಕು ತಿಂಗಳು ಊರೂರು ಸುತ್ತಿದ್ದೆ, ಎಲ್ಲ ಹಾಗೇ ಉಳಿಯಿತು.

ಹಾಗಾಗಿ ನೀವು ಕೇಳಿದ ಪಟ್ಟಿ ಮಾಡಲೇಬೇಡಿ. ಅಂಥದ್ದು ಇಲ್ಲವೇ ಇಲ್ಲ. ಬಳ್ಳಾರಿ ಗ್ರಾಮೀಣ 2008ರಿಂದ ಶುರು. 2014ರ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ಎನ್.ವೈ. ಗೋಪಾಲಕೃಷ್ಣ, 2018 ಮತ್ತು 2023ರಲ್ಲಿ ಬಿ. ನಾಗೇಂದ್ರ. ಸಾರ್ವತ್ರಿಕ ಚುನಾವಣೆ ಮಾತ್ರ ನೋಡಿದರೆ 2011, 2014 ಎರಡೂ ತಪ್ಪಿಹೋಗುತ್ತವೆ.

ಹಿಂದಕ್ಕೆ ಹೋಗಲೇಬೇಕು ಅಂದರೆ ಕ್ಷೇತ್ರ ಬಿಡಿ, ಒಂದು ಹಳ್ಳಿ ಹಿಡಿಯಿರಿ. ಆ ಹಳ್ಳಿ ಯಾವ ವರ್ಷ ಯಾವ ಕ್ಷೇತ್ರದಲ್ಲಿತ್ತು ಅಂತ ಮೊದಲು ಬರೆಯಿರಿ. 1952ರ ಲೆಕ್ಕ ಮದ್ರಾಸ್ ರಾಜ್ಯದ ವರದಿಯಲ್ಲಿ ಹುಡುಕಬೇಕು, ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ ಅಲ್ವಾ? 1957ರಿಂದ 1972ರವರೆಗಿನ ಚುನಾವಣೆಗಳಿಗೆ ಮೈಸೂರು ರಾಜ್ಯದ ವರದಿ, 1978ರಿಂದ ಕರ್ನಾಟಕದ್ದು. ಇವೆಲ್ಲ ಚುನಾವಣಾ ಆಯೋಗದ ವರದಿಗಳಲ್ಲಿ ಸಿಗುತ್ತವೆ. ಹಳ್ಳಿಗೆ ಹೋದಾಗ ಹಿರಿಯರ ಹತ್ತಿರ ಹಳೇ ವೋಟರ್ ಕಾರ್ಡ್ ಕೇಳಿ, ಹಿಂಬದಿಯ ಫೋಟೋ ತೆಗೆದುಕೊಳ್ಳಿ.