ಮಾಡೆಲ್ ಬದಲಿಸುವ ಮೊದಲು ಟೂಲ್‌ಗಳ ವಿವರಣೆ ತಿದ್ದಿ

ರೈಲು ಹುಡುಕು ಅಂದರೆ ನಿಮ್ಮ ಏಜೆಂಟ್ (ಭಾಷಾ ಮಾಡೆಲ್ ಬಳಸಿ ತಾನೇ ಕೆಲಸ ಮಾಡುವ ಎಐ ಪ್ರೋಗ್ರಾಂ) ಪಿಎನ್‌ಆರ್ ಟೂಲ್ (ಬುಕ್ ಆದ ಟಿಕೆಟ್‌ನ ಸ್ಥಿತಿ ನೋಡುವ ಫಂಕ್ಷನ್) ಕರೆಯುತ್ತಿದೆ, ತಾರೀಕನ್ನೂ ತಪ್ಪು ಕಳಿಸುತ್ತಿದೆ, ಇನ್ನೂ ದೊಡ್ಡ ಮಾಡೆಲ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಒಂದು ಟೂಲ್‌ಗೆ ನೀವು ಕೊಟ್ಟಿರುವ ವಿವರಣೆ "ರೈಲಿನ ಮಾಹಿತಿ ಕೊಡುತ್ತದೆ", ಇನ್ನೊಂದಕ್ಕೆ "ರೈಲು ಪ್ರಯಾಣದ ಮಾಹಿತಿ ಕೊಡುತ್ತದೆ". ಇದನ್ನು ಓದಿದರೆ ಮನುಷ್ಯರಿಗೂ ಗೊಂದಲವೇ ಅಲ್ವಾ?

ಮಾಡೆಲ್‌ಗೆ ನಿಮ್ಮ ಕೋಡ್ ಕಾಣುವುದಿಲ್ಲ. ಅದರ ಕೈಗೆ ಸಿಗುವುದು ಟೂಲ್‌ನ ಹೆಸರು, ವಿವರಣೆ, ಜೇಸನ್ ಸ್ಕೀಮಾದಲ್ಲಿ (ಯಾವ ಮಾಹಿತಿ ಯಾವ ರೂಪದಲ್ಲಿ ಬರಬೇಕು ಎಂಬ ಪಟ್ಟಿ) ಇರುವ ಪ್ಯಾರಾಮೀಟರ್‌ಗಳು, ಅಂದರೆ ಟೂಲ್‌ಗೆ ಕೊಡಬೇಕಾದ ಮಾಹಿತಿಗಳು, ಅಷ್ಟೇ. 2023ರ ಜೂನ್‌ನಲ್ಲಿ ಓಪನ್‌ಎಐ ಫಂಕ್ಷನ್ ಕಾಲಿಂಗ್ (ಮಾಡೆಲ್ ಟೂಲ್ ಕರೆಯುವ ವ್ಯವಸ್ಥೆ) ತಂದಾಗಲೂ ಹೀಗೇ ಇತ್ತು, 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಎಂಸಿಪಿ (ಟೂಲ್‌ಗಳನ್ನು ಎಐ ಆ್ಯಪ್‌ಗಳಿಗೆ ಜೋಡಿಸುವ ಒಂದು ಮಾನದಂಡ) ತಂದ ಮೇಲೂ ಹೀಗೇ ಇದೆ. ನಿಮ್ಮ ತಲೆಯಲ್ಲಿರುವುದನ್ನೆಲ್ಲ ಆ ನಾಲ್ಕು ಸಾಲಿನಲ್ಲೇ ಹೇಳಬೇಕು.

ನಾನಾದರೆ ಹೀಗೆ ಬರೆಯುತ್ತೇನೆ: "ಎರಡು ನಿಲ್ದಾಣಗಳ ನಡುವೆ ಒಂದು ದಿನ ಓಡುವ ರೈಲುಗಳನ್ನು ಹೊರಡುವ, ತಲುಪುವ ಸಮಯದ ಜೊತೆ ಕೊಡುತ್ತದೆ. ಬಳಕೆದಾರರು ಇನ್ನೂ ಟಿಕೆಟ್ ತೆಗೆದಿಲ್ಲ, ರೈಲು ಹುಡುಕುತ್ತಿದ್ದಾರೆ ಅಂದಾಗ ಬಳಸಿ. ಬುಕ್ ಆದ ಟಿಕೆಟ್ ಬಗ್ಗೆ ಕೇಳಿದರೆ ಪಿಎನ್‌ಆರ್ ಟೂಲ್ ಬಳಸಿ. ಸೀಟು ಖಾಲಿ ಇದೆಯೇ ಎಂದು ಈ ಟೂಲ್ ಹೇಳುವುದಿಲ್ಲ." ಜಾಸ್ತಿ ಕೆಲಸ ಮಾಡುವುದು ಕೊನೆಯ ಎರಡು ವಾಕ್ಯ. ಟೂಲ್ ಏನು ಮಾಡುತ್ತದೆ ಅಂತ ಎಲ್ಲರೂ ಬರೆಯುತ್ತಾರೆ, ಯಾವಾಗ ಬೇಡ ಅನ್ನುವುದನ್ನು ಬಿಟ್ಟುಬಿಡುತ್ತಾರೆ.

ಇನ್ನು ಪ್ಯಾರಾಮೀಟರ್‌ಗಳು. ನಿಜವಾದ ತೊಂದರೆ ಇರುವುದು ಇಲ್ಲೇ. "ಎಲ್ಲಿಂದ" ಅಂತ ಹೆಸರಿಟ್ಟು ಸುಮ್ನೆ ಸ್ಟ್ರಿಂಗ್ (ಯಾವುದೇ ಪಠ್ಯ) ಅಂತ ಬಿಟ್ಟಿದ್ದೀರಿ. ಬಳಕೆದಾರರು ಬೆಂಗಳೂರು ಅನ್ನುತ್ತಾರೆ, ಮಾಡೆಲ್ ಅದನ್ನೇ ಕಳಿಸುತ್ತದೆ, ಆದರೆ ನಿಮ್ಮ ಟೂಲ್ ರೈಲಿನ ಮಾಹಿತಿ ತರುವ ಎಪಿಐಗೆ ಬೇಕಿರುವುದು ನಿಲ್ದಾಣದ ಕೋಡ್: ಮೆಜೆಸ್ಟಿಕ್ ಹತ್ತಿರದ್ದು ಎಸ್‌ಬಿಸಿ, ಯಶವಂತಪುರ ವೈಪಿಆರ್, ವಿಶ್ವೇಶ್ವರಯ್ಯ ಟರ್ಮಿನಲ್ ಎಸ್‌ಎಂವಿಬಿ. ಹುಬ್ಬಳ್ಳಿಯ ಇಂಗ್ಲಿಷ್ ಹೆಸರು 2014ರಲ್ಲೇ ಬದಲಾಯಿತು, ಕೋಡ್ ಮಾತ್ರ ಇವತ್ತಿಗೂ ಯುಬಿಎಲ್! ಹೆಸರು ನೋಡಿ ಊಹೆ ಮಾಡಿದರೆ ತಪ್ಪುತ್ತದೆ. ಹಾಗಾಗಿ ಪ್ಯಾರಾಮೀಟರ್‌ನ ವಿವರಣೆಯಲ್ಲೇ ಬರೆಯಿರಿ: ಊರಿನ ಹೆಸರಲ್ಲ, ನಿಲ್ದಾಣದ ಕೋಡ್, ಉದಾಹರಣೆಗೆ ಯುಬಿಎಲ್, ಗೊತ್ತಿಲ್ಲದಿದ್ದರೆ ಮೊದಲು ನಿಲ್ದಾಣ ಹುಡುಕುವ ಟೂಲ್ ಕರೆಯಿರಿ, ಬರೀ ಬೆಂಗಳೂರು ಅಂದರೆ ಯಾವ ನಿಲ್ದಾಣ ಎಂದು ಕೇಳಿ.

ತಾರೀಕಿನದೂ ಇದೇ ಕಥೆ. 03/04 ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ವರ್ಷ-ತಿಂಗಳು-ದಿನ ಅಂತ ಹೇಳಿ, 2025-04-03 ಅಂತ ಒಂದು ಮಾದರಿ ಕೊಡಿ. "ನಾಳೆ" ಅಂದರೆ ಯಾವ ದಿನ ಅಂತ ಮಾಡೆಲ್‌ಗೆ ತಾನಾಗಿ ಗೊತ್ತಾಗುವುದಿಲ್ಲ, ಇವತ್ತಿನ ತಾರೀಕನ್ನು ಸಿಸ್ಟಮ್ ಪ್ರಾಂಪ್ಟ್‌ನಲ್ಲಿ (ಮಾಡೆಲ್‌ಗೆ ನೀವು ಮೊದಲೇ ಕೊಡುವ ಸೂಚನೆ) ಹಾಕಿ. ಸ್ಲೀಪರ್, ತ್ರೀ ಎಸಿ ತರಹದವಕ್ಕೆ ಎನಮ್ (ಆಯ್ದುಕೊಳ್ಳಬಹುದಾದ ಮೌಲ್ಯಗಳ ನಿಗದಿತ ಪಟ್ಟಿ) ಸಾಕು.

ಎರರ್ ಮೆಸೇಜ್ ಕೂಡ ವಿವರಣೆಯೇ. ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನ. ಅದನ್ನು ಮೀರಿದ ತಾರೀಕು ಬಂದಾಗ ಬರೀ 400 (ಕೋರಿಕೆ ತಪ್ಪಾಗಿದೆ ಎನ್ನುವ ಎರರ್ ಸಂಖ್ಯೆ) ಅಂತ ವಾಪಸ್ ಕೊಟ್ಟರೆ ಏಜೆಂಟ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತಾ ಕೂರಬಹುದು. "60 ದಿನದ ಒಳಗಿನ ತಾರೀಕು ಕೊಡಿ" ಅಂದರೆ ತಿದ್ದಿಕೊಳ್ಳಲು ದಾರಿ ಸಿಗುತ್ತದೆ. ಬುಕಿಂಗ್ ಟೂಲ್‌ನಲ್ಲಿ "ಬಳಕೆದಾರರ ಒಪ್ಪಿಗೆ ಪಡೆದೇ ಕರೆಯಿರಿ" ಅಂತ ಬರೆಯಿರಿ, ಆದರೆ ಅದನ್ನೇ ನಂಬಿ ಕೂರಬೇಡಿ, ದುಡ್ಡಿನ ವಿಷಯ, ಒಪ್ಪಿಗೆ ಸಿಕ್ಕಿದೆಯಾ ಅಂತ ಕೋಡ್‌ನಲ್ಲೂ ನೋಡಿ.

ಹಾಗಂತ ಪುಟಗಟ್ಟಲೆ ಬರೆಯಬೇಡಿ. ವಿವರಣೆಗಳೆಲ್ಲ ಪ್ರತಿ ಸಲವೂ ಮಾಡೆಲ್‌ಗೆ ಹೋಗುತ್ತವೆ, ಟೋಕನ್ (ಮಾಡೆಲ್ ಪಠ್ಯವನ್ನು ಅಳೆಯುವ ತುಣುಕು) ಖರ್ಚಾಗುತ್ತದೆ.

ತಿದ್ದಿದ ಮೇಲೆ ಬಳಕೆದಾರರು ನಿಜವಾಗಿ ಕೇಳಿದ ಪ್ರಶ್ನೆಗಳನ್ನೇ ಮತ್ತೆ ಓಡಿಸಿ, ಏಜೆಂಟ್ ಯಾವ ಟೂಲನ್ನು ಕರೆಯಿತು, ಅದಕ್ಕೆ ಏನು ಕಳಿಸಿತು ಅಂತ ಲಾಗ್‌ನಲ್ಲಿ ನೋಡಿ. ಯಾವ ಟೂಲೂ ಬೇಡದ ಪ್ರಶ್ನೆಗಳನ್ನೂ ಸೇರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಆಮೇಲೂ ತಪ್ಪು ಕರೆ ಬಂದರೆ ಆ ಲಾಗ್ ಹಾಕಿ, ಸೇರಿ ನೋಡೋಣ.