ನರ್ಸಿಂಗ್ ಅರ್ಜಿಗೆ ಮೂವತ್ತೈದರ ಗಡುವು, ದುಃಖಕ್ಕೆ ಯಾವ ಗಡುವು?

ಹಾಸಿಗೆ ಹಿಡಿದ ಹಿರಿಯರನ್ನು ವರ್ಷಗಟ್ಟಲೆ ನೋಡಿಕೊಂಡು, ಅವರು ತೀರಿಕೊಂಡ ಕೆಲವೇ ತಿಂಗಳಲ್ಲಿ "ನಾನು ಈಗ ನರ್ಸಿಂಗ್ ಓದಬಹುದೇ?" ಎಂದು ಕೇಳಿಕೊಂಡು ಬರುವ ಮಹಿಳೆಯರನ್ನು ಕಾಸರಗೋಡಿನ ಈ ಭಾಗದಲ್ಲಿ ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಕೇರಳವು 2008ರಲ್ಲಿ ಪಾಲಿಯೇಟಿವ್ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಗೆ, ನೀತಿಯೊಂದನ್ನು ರೂಪಿಸಿದ ಮೇಲೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಯ ಜಗಲಿಯವರೆಗೂ ಬರುವಂತಾಯಿತು. ಅವರು ಹುಣ್ಣು ತೊಳೆಯುವುದನ್ನು, ಟ್ಯೂಬು ಬದಲಿಸುವುದನ್ನು ಪಕ್ಕದಲ್ಲಿ ನಿಂತು ನೋಡಿ ಕಲಿತ ಸೊಸೆಗೆ ಅಥವಾ ಮಗಳಿಗೆ ಇದು ತನ್ನಿಂದಲೂ ಆಗುವ ಕೆಲಸವೆಂದು ಅನ್ನಿಸಿದರೆ ಆಶ್ಚರ್ಯವಿಲ್ಲ. ಅಂಥ ಒಂದು ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಯನ್ನು ನನ್ನಂತೆಯೇ ಓದು-ಉದ್ಯೋಗದ ಸಲಹೆಗಾರರಾಗಿರುವ ಹಿರಿಯ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ಏಕೆ ಹಾಗೆ ಸಲಹೆ ಕೊಟ್ಟೆನೆಂಬುದನ್ನು ವಿವರವಾಗಿ ಬರೆಯಬೇಕೆನಿಸಿದ್ದು ಆ ಕಾರಣಕ್ಕೆ. ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ ಮೂವತ್ತನಾಲ್ಕು ವರ್ಷ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಅನಂತರ ಹ್ಯುಮಾನಿಟೀಸ್‌ನಲ್ಲಿ ಪ್ಲಸ್ ಟು, ಅದರ ಬೆನ್ನಿಗೇ ಮದುವೆ. ಪತಿ ಗೂಡ್ಸ್ ಆಟೋ ಓಡಿಸುತ್ತಾರೆ, ಮಗ ಹೈಸ್ಕೂಲಿನಲ್ಲಿದ್ದಾನೆ. ಪಾರ್ಶ್ವವಾಯುವಿನಿಂದ ಮಲಗಿದ್ದ ಅತ್ತೆಯ ಆರೈಕೆ ಆರು ವರ್ಷಗಳ ಕಾಲ ಇವರ ಪಾಲಿಗೇ ಬಂದಿತ್ತು. ಅತ್ತೆ ತೀರಿಕೊಂಡು ಐದು ತಿಂಗಳಾಗುವಷ್ಟರಲ್ಲಿ ನನ್ನನ್ನು ನೋಡಲು ಬಂದರು. ಕೈಯಲ್ಲಿ ಬಣ್ಣದ ಕರಪತ್ರವೊಂದಿತ್ತು: ಒಂದು ವರ್ಷದ ನರ್ಸಿಂಗ್ ಡಿಪ್ಲೊಮಾ, ವಯಸ್ಸಿನ ಮಿತಿಯಿಲ್ಲ, ಕೆಲಸ ಖಚಿತ.

ಆ ಕರಪತ್ರದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಎಷ್ಟೋ ಮನೆಗಳ ಚಿನ್ನ ಅಡವು ಹೋಗಿರುವುದು ಇಂಥವುಗಳಿಂದಲೇ. ನಮ್ಮಲ್ಲಿ ನರ್ಸ್ ಎಂದು ನೋಂದಣಿ ಸಿಗಬೇಕಾದರೆ ಇಂಡಿಯನ್ ನರ್ಸಿಂಗ್ ಕೌನ್ಸಿಲಿನ ನಿಯಮಗಳಿಗೆ ಒಳಪಟ್ಟ ಕೋರ್ಸನ್ನೇ ಓದಬೇಕು. ಎ.ಎನ್.ಎಂ.ಗೆ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿಯ ಕೋರ್ಸ್) ಎರಡು ವರ್ಷ, ಜಿ.ಎನ್.ಎಂ.ಗೆ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗಿಗೆ ನಾಲ್ಕು ವರ್ಷ. ಒಂದು ವರ್ಷದಲ್ಲಿ ಯಾರೂ ನರ್ಸ್ ಆಗುವುದಿಲ್ಲ. ಹಾಸಿಗೆಯ ಪಕ್ಕದ ಸಹಾಯಕರಾಗಿ ಕೆಲಸ ಮಾಡಲು ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ತರಬೇತಿಯಿದೆ, ಅದು ಮರ್ಯಾದೆಯ ಕೆಲಸವೂ ಹೌದು. ಆದರೆ ಅದನ್ನು ನರ್ಸಿಂಗ್ ಎಂದು ಹೇಳಿ ಮಾರುವುದು ಮೋಸ. ನಾನು ಆಕೆಗೆ ಕೊಟ್ಟ ಪ್ರಶ್ನೆ ಒಂದೇ: "ಈ ಕೋರ್ಸ್ ಮುಗಿದ ಮೇಲೆ ನನ್ನ ಹೆಸರು ಯಾವ ಕೌನ್ಸಿಲಿನ ರಿಜಿಸ್ಟರಿಗೆ ಹತ್ತುತ್ತದೆ ಎಂದು ಅಲ್ಲಿಗೆ ಫೋನ್ ಮಾಡಿ ಕೇಳಿ." ಅವರು ಕೇಳಿದರು. ಆ ಕಡೆಯವರು ಫೀಸಿನ ಕಂತುಗಳ ಬಗ್ಗೆ ಮಾತನಾಡಿದರಂತೆ.

ನಿಜವಾದ ಕಷ್ಟ ಬಂದದ್ದು ಅದರ ನಂತರದ ಭೇಟಿಯಲ್ಲಿ. ಏಕೆ ಈ ಓದು ಎಂದು ಕೇಳಿದಾಗ ಆಕೆ ಮೊದಲು ಕೊಟ್ಟದ್ದು ಎಲ್ಲರೂ ಕೊಡುವ ಉತ್ತರ: ಸೇವೆ ಮಾಡಬೇಕು, ಬಡವರಿಗೆ ಉಪಕಾರವಾಗಬೇಕು. ಇಂಥ ಉತ್ತರವನ್ನು ನಾನು ಸುಳ್ಳೆನ್ನುವುದಿಲ್ಲ, ಆದರೆ ಅದರ ಮೇಲೆ ಮೂರು ವರ್ಷದ ಓದನ್ನು ನಿಲ್ಲಿಸಲಾಗದು. ಹಾಗಾಗಿ ಅದನ್ನು ಅಲ್ಲಿಗೇ ಬಿಟ್ಟು, ರಾತ್ರಿ ನಿದ್ದೆ ಹೇಗಿದೆ ಎಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದು ಆಕೆ ಹೇಳಿದರು: "ಎರಡು ಗಂಟೆಗೆ ಎಚ್ಚರವಾಗುತ್ತದೆ ಟೀಚರ್. ಅತ್ತೆಯನ್ನು ಮಗ್ಗುಲು ಬದಲಿಸಿ ಮಲಗಿಸುವ ಹೊತ್ತು ಅದು. ಎದ್ದು ಕೋಣೆಯ ಬಾಗಿಲವರೆಗೆ ಹೋಗಿರುತ್ತೇನೆ, ಆಮೇಲೆ ನೆನಪಾಗುತ್ತದೆ. ನನಗೆ ನರ್ಸ್ ಆಗಬೇಕೋ, ಅತ್ತೆ ಬೇಕೋ, ನನಗೇ ಗೊತ್ತಿಲ್ಲ."

ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ಈ ವಿಷಯದಲ್ಲಿ ನಾನು ಬೇರೆ ಯಾರಿಂದಲೂ ಕೇಳಿಲ್ಲ. ಇಲ್ಲಿ ಸಲಹೆಗಾರರು ಎರಡು ರೀತಿಯಲ್ಲಿ ಅವಸರಪಡಬಹುದು. ಒಂದು, ಇದು ದುಃಖ ಮಾತನಾಡುತ್ತಿರುವುದೆಂದು ತೀರ್ಮಾನಿಸಿ ಓದಿನ ಮಾತನ್ನು ಬದಿಗಿಡುವುದು. ಇನ್ನೊಂದು, ಆರೈಕೆಯ ಅನುಭವವನ್ನು ಹೊಗಳಿ ಹುರಿದುಂಬಿಸಿ ಕಳಿಸುವುದು. ಎರಡನ್ನೂ ಮಾಡದೆ, ಅತ್ತೆ ಹೇಗಿದ್ದರು ಎಂದು ಕೇಳಿದೆ.

"ಒಳ್ಳೆಯವರೇನೂ ಆಗಿರಲಿಲ್ಲ" ಎಂದರು ಆಕೆ, ಯಾವ ಸಂಕೋಚವೂ ಇಲ್ಲದೆ. ಮಾತು ನಿಂತುಹೋದ ಮೇಲೂ ಅತ್ತೆಯ ಸಿಟ್ಟು ನಿಂತಿರಲಿಲ್ಲ. ಸ್ವಾಧೀನವಿದ್ದ ಎಡಗೈಯಿಂದ ಗಂಜಿಯ ತಟ್ಟೆಯನ್ನು ತಳ್ಳಿ ಚೆಲ್ಲುತ್ತಿದ್ದರು. ಅದನ್ನು ಹೇಳುತ್ತ ಹೇಳುತ್ತ ಮಾತು ಬಾಲಮೂಳೆಯ ಮೇಲೆ ಆಗಿದ್ದ ಹಾಸಿಗೆ ಹುಣ್ಣಿನ ಕಡೆಗೆ ತಿರುಗಿತು. ಆಗ ಆಕೆಯ ಕುಳಿತ ಭಂಗಿಯೇ ಬದಲಾದದ್ದನ್ನು ನಾನು ಗಮನಿಸಿದೆ. ಮುಂದಕ್ಕೆ ಬಾಗಿ ನನ್ನ ಮೇಜಿನ ಮೇಲೆ ತೋರುಬೆರಳಿನಿಂದ ಒಂದು ವೃತ್ತವನ್ನು ಎಳೆದರು: ಆಸ್ಪತ್ರೆಯಿಂದ ಮನೆಗೆ ತಂದ ದಿನ ಇಷ್ಟು, ಒಳಗೆ ಹಳದಿ, ಅಂಚು ಕಪ್ಪು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸತೊಡಗಿ, ಸಲೈನಿನಿಂದ ತೊಳೆದು, ಒತ್ತಿ ಒರೆಸದೆ ಬಟ್ಟೆಯನ್ನು ಮೆಲ್ಲಗೆ ತಾಗಿಸಿ ಒಣಗಿಸಿ, ಪಾಲಿಯೇಟಿವ್ ಸಿಸ್ಟರ್ ತೋರಿಸಿಕೊಟ್ಟಂತೆ ಡ್ರೆಸ್ಸಿಂಗ್ ಇಟ್ಟು, ದಿನಾ ಮೊಟ್ಟೆ, ಬೇಳೆ ತಿನ್ನಿಸಿದ ಮೇಲೆ ಒಂದು ಬೆಳಗ್ಗೆ ಒಳಗೆ ಕೆಂಪು ಮಾಂಸ ಕಾಣಿಸಿತು. ಬೆರಳು ಒಳಗಡೆ ಮತ್ತೊಂದು ಸಣ್ಣ ವೃತ್ತವನ್ನೆಳೆಯಿತು, ಅದರೊಳಗೆ ಇನ್ನೊಂದನ್ನು. "ಕೆಂಪು ಕಂಡ ದಿನ ಅತ್ತೆಗೆ ಹೇಳಲಿಕ್ಕೆ ಹೋಗಲಿಲ್ಲ, ಅವರು ಎಂದಿನ ಹಾಗೆ ಮುಖ ತಿರುಗಿಸಿದ್ದರು. ಸಿಸ್ಟರಿಗೆ ಫೋನ್ ಮಾಡಿ ಹೇಳಿದೆ."

ನನ್ನ ಸಲಹೆ ನಿಂತಿರುವುದು ಈ ಮಾತಿನ ಮೇಲೆ. ಪ್ರೀತಿಸದ ಅತ್ತೆಯ ಹುಣ್ಣು ಮಾಗಿದ್ದು ಆಕೆಗೆ ಸಂಭ್ರಮದ ಸಂಗತಿಯಾಗಿತ್ತು, ಮತ್ತು ಆ ಸಂಭ್ರಮವನ್ನು ಹಂಚಿಕೊಳ್ಳಲು ಆಕೆಗೆ ನೆನಪಾದದ್ದು ಆ ಕೆಲಸವನ್ನು ಬಲ್ಲ ಇನ್ನೊಬ್ಬರು. ಅಗಲಿದವರಿಗಾಗಿ ಹಂಬಲಿಸುವ ಮನಸ್ಸು ಅವರ ಮುಖ, ದನಿ, ಮಾತುಗಳನ್ನು ನೆನೆಯುತ್ತದೆ. ಇವರು ನೆನೆಯುತ್ತಿದ್ದುದು ಕೆಲಸವನ್ನು. ದುಃಖ ಇರಲಿಲ್ಲವೆಂದು ಇದರ ಅರ್ಥವಲ್ಲ. ಎರಡೂ ಒಟ್ಟಿಗೇ ಇದ್ದವು, ಒಂದು ಇನ್ನೊಂದನ್ನು ಅಲ್ಲಗಳೆಯಬೇಕಾಗಿರಲಿಲ್ಲ.

ಹೀಗಾಗಿ ನಾನು ಹೇಳಿದೆ: ಈ ವರ್ಷವೇ ಜಿ.ಎನ್.ಎಂ.ಗೆ ಅರ್ಜಿ ಹಾಕಿ.

ಹಿರಿಯ ಸಹೋದ್ಯೋಗಿಯ ಆಕ್ಷೇಪ ಇದರ ಬಗ್ಗೆಯೇ. ಮನೆಯಲ್ಲಿ ಸಾವಾದ ಮೇಲೆ ಒಂದು ವರ್ಷ ದೊಡ್ಡ ನಿರ್ಧಾರಗಳನ್ನು ಕೈಗೊಳ್ಳಬಾರದೆಂದು ನಾವೆಲ್ಲ ಹೇಳುತ್ತೇವೆ, ನಾನೂ ಹೇಳುತ್ತೇನೆ. ಜಾಗ ಮಾರುವುದಕ್ಕೆ, ಮನೆ ಬಿಡುವುದಕ್ಕೆ, ಮದುವೆಗೆ ಅದು ಒಳ್ಳೆಯ ಮಾತು. ಆದರೆ ಜಿ.ಎನ್.ಎಂ. ಪ್ರವೇಶದ ಗರಿಷ್ಠ ವಯಸ್ಸು 35; ಎ.ಎನ್.ಎಂ. ಮುಗಿಸಿದವರಿಗೆ ಮಾತ್ರ ಆ ಮಿತಿಯಿಲ್ಲ. ಅದರ ಮೇಲೆ, ಲೆಕ್ಕಕ್ಕೆ ಬರುವುದು ಹುಟ್ಟಿದ ದಿನವಲ್ಲ, ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿರುವ ದಿನ. ನಮ್ಮ ಊರುಗಳಲ್ಲಿ ಒಂದನೇ ಕ್ಲಾಸಿಗೆ ಸೇರಿಸುವಾಗ ಮಾಷ್ಟ್ರು ಅಂದಾಜಿನಲ್ಲಿ ಬರೆದ ತಾರೀಖೇ ಎಷ್ಟೋ ಜನರ ಅಧಿಕೃತ ಜನ್ಮದಿನ. ಈಕೆಯದೂ ಹಾಗೆಯೇ, ಪುಸ್ತಕದ ಪ್ರಕಾರ ನಿಜಕ್ಕಿಂತ ಏಳು ತಿಂಗಳು ದೊಡ್ಡವರು. ಒಂದು ವರ್ಷ ಕಾಯಿರಿ ಎಂದು ಹೇಳುವುದೆಂದರೆ ಈ ಪ್ರಕರಣದಲ್ಲಿ ಬೇಡ ಎಂದು ಹೇಳುವುದೇ ಆಗಿತ್ತು, ಹಾಗೆಂದು ಬಾಯಿಬಿಟ್ಟು ಹೇಳುವ ಹೊಣೆಯನ್ನು ಹೊರದೆ.

ಆ ಒಂದು ವರ್ಷವೂ ಕಲ್ಲಿನಲ್ಲಿ ಕೊರೆದದ್ದಲ್ಲ. ದುಃಖವು ದೀರ್ಘವಾಗಿ ಕಾಯಿಲೆಯ ರೂಪ ತಾಳಿತೆಂದು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣವಾದ ಐ.ಸಿ.ಡಿ.-11 ಆರು ತಿಂಗಳನ್ನು ಅಳತೆಯಾಗಿ ಇಟ್ಟುಕೊಂಡಿದೆ. ಅಮೆರಿಕದ ಮನೋವೈದ್ಯರ ಸಂಘದ 2022ರ ಕೈಪಿಡಿ ವಯಸ್ಕರಿಗೆ ಹನ್ನೆರಡು ತಿಂಗಳನ್ನು ಇಟ್ಟುಕೊಂಡಿದೆ. ಬಲ್ಲವರೇ ಒಮ್ಮತಕ್ಕೆ ಬಾರದ ಕಾಲದ ಲೆಕ್ಕಕ್ಕೆ ಒಬ್ಬ ಮಹಿಳೆಯ ಉಳಿದ ಆಯುಷ್ಯವನ್ನು ಕಟ್ಟಿಹಾಕಲು ನನಗೆ ಮನಸ್ಸು ಬರಲಿಲ್ಲ. ಅರ್ಜಿ ಹಾಕಿದವರು ಸೇರಲೇಬೇಕೆಂದಿಲ್ಲ. ಅರ್ಜಿ ಹಾಕದವರಿಗೆ ಸೇರುವ ಆಯ್ಕೆಯೇ ಇರುವುದಿಲ್ಲ.

ಆದರೆ ಷರತ್ತುಗಳನ್ನು ಹಾಕಿದೆ. ನಡುರಾತ್ರಿಯ ಎಚ್ಚರ ಕಡಿಮೆಯಾಗದಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ಕಿಗೆ ಹೋಗಿ ವೈದ್ಯರನ್ನು ಕಾಣಬೇಕು, ಅದನ್ನು ಅವಮಾನವೆಂದು ತಿಳಿಯಬಾರದು. ತರಗತಿ ಶುರುವಾಗುವವರೆಗೆ ನನ್ನ ಬಳಿಗೆ ಬರುವುದನ್ನು ನಿಲ್ಲಿಸಬಾರದು. ವಾರ್ಡಿನಲ್ಲಿ ಒಂದಲ್ಲ ಒಂದು ದಿನ ಅತ್ತೆಯ ವಯಸ್ಸಿನ, ಅತ್ತೆಯದೇ ಕಾಯಿಲೆಯ ಅಜ್ಜಿಯೊಬ್ಬರು ಆಕೆಯ ಪಾಲಿಗೆ ಬಂದೇ ಬರುತ್ತಾರೆ; ಆ ದಿನ ಅದನ್ನು ಯಾರ ಬಳಿ ಹೇಳುವುದು ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಬೇಕು. ಆಕೆ ಆರಿಸಿದ್ದು ಆ ಪಾಲಿಯೇಟಿವ್ ಸಿಸ್ಟರನ್ನು.

ಅರ್ಹತೆಯ ತೊಡಕುಗಳು ನಾವು ಅಂದುಕೊಂಡಷ್ಟು ಇರಲಿಲ್ಲ. ಬಿ.ಎಸ್ಸಿ. ನರ್ಸಿಂಗಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಲೇಬೇಕು, ಜಿ.ಎನ್.ಎಂ.ಗೆ ಯಾವ ವಿಭಾಗವಾದರೂ ಇಂಗ್ಲಿಷ್ ಇದ್ದು ಶೇ. 40 ಅಂಕಗಳಿದ್ದರೆ ಸಾಕು. ಕೇರಳದ ಸರ್ಕಾರಿ ನರ್ಸಿಂಗ್ ಶಾಲೆಗಳಲ್ಲಿ ವಿಜ್ಞಾನದವರಿಗೇ ಆದ್ಯತೆಯಾದ್ದರಿಂದ ಮಂಗಳೂರಿನ ಸಂಸ್ಥೆಗಳಲ್ಲೂ ವಿಚಾರಿಸಲು ಹೇಳಿದೆ. ಅಲ್ಲಿಗೆ ಏಜೆಂಟರ ಮೂಲಕ ಹೋಗಬಾರದು, ಆ ವರ್ಷದ ಮಾನ್ಯತೆಯನ್ನು ಕೌನ್ಸಿಲಿನ ಪಟ್ಟಿಯಲ್ಲಿ ತಾವೇ ನೋಡಬೇಕು, ಮೂಲ ಪ್ರಮಾಣಪತ್ರಗಳನ್ನು ಕೊಡುವ ಮೊದಲು ಪರಿಶೀಲಿಸಿ ಹಿಂದಿರುಗಿಸುವರೇ ಎಂದು ಕೇಳಬೇಕು, ಹಾಸ್ಟೆಲ್ ಕಡ್ಡಾಯವೇ ಎಂಬುದನ್ನು ಹಣ ಕಟ್ಟುವ ಮೊದಲೇ ತಿಳಿದುಕೊಳ್ಳಬೇಕು. ಕರ್ನಾಟಕದಲ್ಲಿ ಓದಿದವರು ಮೊದಲು ಅಲ್ಲಿನ ಕೌನ್ಸಿಲಿನಲ್ಲಿ ನೋಂದಾಯಿಸಿ, ಆಮೇಲೆ ಕೇರಳಕ್ಕೆ ನೋಂದಣಿ ಮಾಡಿಸಿಕೊಳ್ಳಬೇಕಾದ ಓಡಾಟವೂ ಇದೆ.

ಪತಿ ಒಮ್ಮೆ ಬಂದರು. ಅವರ ಚಿಂತೆ ಹಣಕ್ಕಿಂತ ಮಗನ ಹತ್ತನೇ ಕ್ಲಾಸಿನದಾಗಿತ್ತು. ತಾಯಿ ಓದುವ ಮನೆಯಲ್ಲಿ ಮಗನ ಓದು ಕೆಡುತ್ತದೆಂಬ ಲೆಕ್ಕ ನನಗೆ ಎಂದೂ ಅರ್ಥವಾಗಿಲ್ಲ. ಆದರೆ ಬೆಳಗ್ಗೆ ಯಾರು ಅಡುಗೆ ಮಾಡುವುದು ಎಂಬುದು ನಿಜವಾದ ಪ್ರಶ್ನೆ, ಮತ್ತು ಅದಕ್ಕೆ ಉತ್ತರವನ್ನು ಅವರೇ ಹೇಳಬೇಕೆಂದು ನಾನು ಸುಮ್ಮನೆ ಕಾದೆ. ಕೊನೆಗೆ ಹೇಳಿದರು.

ಆಕೆಯ ದೊಡ್ಡ ಹೆದರಿಕೆ ಇಂಗ್ಲಿಷ್. ಹದಿನೆಂಟು ವರ್ಷದ ಮಕ್ಕಳ ನಡುವೆ ಕುಳಿತು ಅನಾಟಮಿಯ ಹೆಸರುಗಳನ್ನು ತಪ್ಪಾಗಿ ಉಚ್ಚರಿಸುವುದನ್ನು ನೆನೆದೇ ಬೆವರುತ್ತಿದ್ದರು. ಬಾಲಮೂಳೆಯ ಮೇಲಿನ ಆ ಹುಣ್ಣನ್ನೇ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆದು ತರಲು ಹೇಳಿದೆ. ಬರೆದು ತಂದರು, ವ್ಯಾಕರಣ ಅಲ್ಲಲ್ಲಿ ಮುಗ್ಗರಿಸಿತ್ತು, ವಿವರದಲ್ಲಿ ಒಂದು ತಪ್ಪೂ ಇರಲಿಲ್ಲ. ಇನ್ನೊಂದು ಮಾತನ್ನೂ ನೆನಪಿಸಿದೆ: ಮಂಗಳೂರಿನ ವಾರ್ಡಿನಲ್ಲಿ ತುಳು, ಕನ್ನಡ, ಮಲಯಾಳಂ ಮೂರನ್ನೂ ರೋಗಿಯ ಕಿವಿಯ ಬಳಿ ತಡವರಿಸದೆ ಆಡಬಲ್ಲವರು ಎಲ್ಲರೂ ಅಲ್ಲ, ಕಾಸರಗೋಡಿನವರಿಗೆ ಅದು ಹುಟ್ಟಿನಿಂದ ಬಂದದ್ದು.

ಸೀಟು ಸಿಕ್ಕಿತು, ಸೇರಿದರು. ಮೊದಲ ವರ್ಷ ಮುಗಿದಿದೆ, ಅನಾಟಮಿಯಲ್ಲಿ ಬಂದ ಅಂಕ ಹೇಳಿಕೊಳ್ಳುವಂಥದ್ದೇನಲ್ಲ. ಸಹೋದ್ಯೋಗಿ ಈಗಲೂ ನನ್ನ ಸಲಹೆಯನ್ನು ಒಪ್ಪಿಲ್ಲ. ಒಂದು ಪ್ರಕರಣ ದಡ ಸೇರಿದ್ದರಿಂದ ನಿಯಮ ಸುಳ್ಳಾಗುವುದಿಲ್ಲ ಎನ್ನುತ್ತಾರೆ, ಅದು ಸರಿಯಾದ ಮಾತೇ. ಈಚೆಗೆ ಅವರು ನನ್ನ ಬಳಿಗೆ ಕಳಿಸಿದ ಯುವತಿಗೆ ಇಪ್ಪತ್ತೇಳು ವರ್ಷ, ತಾಯಿ ತೀರಿಕೊಂಡು ಮೂರು ತಿಂಗಳು, ಕೇಳಿದ ಪ್ರಶ್ನೆ ಅದೇ. ಆಕೆಗೆ ಮುಂದಿನ ವರ್ಷ ಅರ್ಜಿ ಹಾಕಿದರೆ ಸಾಕೆಂದು ಹೇಳಿದ್ದೇನೆ.